ನಾಲ್ಕನೆಯ ಮೂಲೆ

ಕೂರ್ಗಳ್ಳಿಯ ನಮ್ಮ ಶೆಡ್ಡಿನಲ್ಲಿ ತಕ್ಕಡಿ ಹುಟ್ಟುತ್ತದೆ.
ಮುಳ್ಳಿಲ್ಲ, ಸರಪಳಿಯಿಲ್ಲ,
ಕೆಂಪು ಅಂಕಿ ಮಿನುಗುವ ಈ ಕಾಲದ ತಕ್ಕಡಿ.
ನನ್ನದು ಆರನೇ ಮೇಜು:
ಭಾರ ಹೊರುವ ಅಲ್ಯೂಮಿನಿಯಂ ತುಂಡಿಗೆ ನಾಲ್ಕು ಸ್ಕ್ರೂ.
ಅಷ್ಟೇ ಕೆಲಸ.
ಅಷ್ಟೇ ಅಂತ ನಾನೂ ತಿಳಿದಿದ್ದೆ, ಮೊದಲ ವಾರ.

ಕಲಿಸಿದವಳು ಕೆಂಪಾಜಮ್ಮ.
ಹದಿನಾಲ್ಕು ವರ್ಷ ಅದೇ ಸ್ಟೂಲಿನ ಮೇಲೆ ಸವೆದವಳು
ಗೋಡೆಯ ಚಾರ್ಟು ತೋರಿಸಲಿಲ್ಲ.
ನನ್ನ ಬೆರಳ ಮೇಲೆ ತನ್ನ ಬೆರಳಿಟ್ಟು
ತಿರುಗಿಸಿದಳು, ತಿರುಗಿಸಿದಳು,
ಆಮೇಲೆ ಕಿವಿಯ ಹತ್ತಿರ ಮೆಲ್ಲಗೆ:
"ಸಾಕು."
"ಕರೆಂಟಿನ ಡ್ರೈವರು ಟಕ್ ಅಂದ್ರೆ ನಂಬಬ್ಯಾಡ ಕಣಮ್ಮಿ,
ಸ್ಕ್ರೂ ಸೊಟ್ಟ ಹೋದ್ರೂ ಅದು ಟಕ್ ಅಂತದೆ.
ಮುದ್ದೆ ಬೆಂದದ್ದು ಕೋಲಿಗೆ ಗೊತ್ತಾಗಲ್ವಾ,
ಹಂಗೆ, ಕೈಗೆ ಗೊತ್ತಾಗ್ಬೇಕು."

ಸ್ಕ್ರೂ ಕೂತಮೇಲೆ ತಲೆಗೊಂದು ಕೆಂಪು ಗೀಟು.
ನಾನು ಎಡಚಿ,
ನನ್ನ ಗೀಟು ಮಾತ್ರ ಎಡಕ್ಕೆ ವಾಲುತ್ತದೆ.
ಆಮೇಲೆ ಐದು ಕೇಜಿಯ ಕಲ್ಲು
ನಾಲ್ಕೂ ಮೂಲೆಗೆ ಒಂದೊಂದು ಸಲ.
ಎಲ್ಲಿಟ್ಟರೂ ಐದು ಐದೇ ಆಗಬೇಕು.
"ನಡುವೆ ಇಟ್ರೆ ಎಲ್ರೂ ಒಳ್ಳೇರೇ," ಅನ್ನುತ್ತಿದ್ದಳು,
"ಮೂಲೇಲಿಟ್ಟು ನೋಡು."

ಯುಗಾದಿ ಕಳೆದು ಹೊಸ ಎಂಜಿನಿಯರ್ ಬಂದರು.
ಗಡಿಯಾರ ಹಿಡಿದು ನಮ್ಮ ಉಸಿರೆಣಿಸಿದರು.
ಗಂಟೆಗೆ ಮೂವತ್ತೆರಡು ಇದ್ದದ್ದು ನಲವತ್ತೈದು.
"ಎದುರುಬದುರು ಎರಡು ಮೂಲೆ ನೋಡಿ,
ಸಾಕು."
ಅದೇ ಮಾತು. ಬಾಯಿ ಬೇರೆ.

ಕೆಂಪಾಜಮ್ಮ ಕೊನೆಯ ದಿನದವರೆಗೂ ನಾಲ್ಕು ನೋಡಿದಳು.
ಬೋರ್ಡಿನಲ್ಲಿ ಅವಳ ಲೆಕ್ಕ ಕೆಂಪಾಯಿತು,
ಕಂಟ್ರಾಕ್ಟು ಮುಗಿಯಿತು, ಒಂದು ಹಾಟ್‌ಬಾಕ್ಸ್ ಕೊಟ್ಟರು.
ಮೂರು ತಿಂಗಳಲ್ಲಿ ಮೂರು ಹುಡುಗಿಯರು
ಆ ಸ್ಟೂಲಿನ ತಗ್ಗಿನಲ್ಲಿ ಕೂತು ಎದ್ದರು.

ಶನಿವಾರ. ಇಲವಾಲದ ನ್ಯಾಯಬೆಲೆ ಅಂಗಡಿ.
ಹಾಸಿನ ತಗಡೆತ್ತಿ ನುಚ್ಚು ಕೊಡವುತ್ತಿದ್ದ ಸಿದ್ದಲಿಂಗಣ್ಣ.
ಕೆಳಗೆ, ದೂಳಿನಲ್ಲಿ,
ಎಡಕ್ಕೆ ವಾಲಿದ ನಾಲ್ಕು ಗೀಟು.

ಊರಲ್ಲಿ ನೆಂಟರು ಕಂಡ ಹಾಗೆ ಖುಷಿಯಾಯಿತು ಮೊದಲು.
ಬಗ್ಗಿ ತಾರೀಕು ಓದಿದೆ.
ಮೊದಲ ಸಲ ನನಗೆ ನಲವತ್ತೈದಾದ ದಿನ.
ಚಪ್ಪಾಳೆ ತಟ್ಟಿದ್ದರು.

ನನ್ನ ಚೀಲ ಅವನಿಗೆ ಹತ್ತಿರದ ಮೂಲೆಯಲ್ಲಿ ಕೂತಿತು,
ಅಕ್ಕಿ ಸುರಿಯಿತು, ಐದು.
ಬೆರಳ ತುದಿಯಿಂದ ನಡುವಿಗೆ ತಳ್ಳಿದೆ.
ನಾಲ್ಕು ಕೇಜಿ ಒಂಬೈನೂರ ನಲವತ್ತು.
ಅರವತ್ತು ಗ್ರಾಮು,
ಒಂದು ಹಿಡಿ, ಮಗುವಿನ ಒಂದು ಹೊತ್ತು.

"ಮೆಷಿನ್ನು ಸುಳ್ಳು ಹೇಳ್ತದಾ ಅಕ್ಕ?" ನಕ್ಕ ಸಿದ್ದಲಿಂಗಣ್ಣ.
ಪಾಪ, ಅವನ ಕೈ ಶುದ್ಧವಾಗಿತ್ತು.
ಬಿಚ್ಚೋಣವೆಂದರೆ ಇಲಾಖೆಯ ಸೀಸದ ಮುದ್ರೆ.
ಒಳಗೆ ನಾನು,
ಹೊರಗೆ ಚೀಲ ಹಿಡಿದು ನಿಂತವಳೂ ನಾನು.
"ನಡುವಿಗಿಡಿ ಅಣ್ಣ," ಅಂದೆ, ಅಷ್ಟೇ ಅಂದೆ.
ಇನ್ನೊಂದು ಹಿಡಿ ಹಾಕಿದ, ಗೊಣಗುತ್ತ.
ನನ್ನ ಹಿಂದಿನ ಚೀಲ ಮತ್ತೆ ಮೂಲೆಗೇ ಬಂತು.
ಸಾಲು ಬಾಗಿಲು ದಾಟಿ ಬೀದಿಯವರೆಗೆ ಇತ್ತು.
ನಾನು ಮನೆಗೆ ಬಂದೆ.

ಸೋಮವಾರ ಸ್ಟೂಲಿನ ಮೇಲೆ ಹೊಸಬಳು, ಮಿನತಿ,
ಒಡಿಶಾದಿಂದ ಬಂದು ಒಂಬತ್ತು ದಿನ.
ಅವಳ ಕನ್ನಡಕ್ಕೆ ಊಟ, ನೀರು, ಬಸ್ಸು ಮಾತ್ರ ಬಂದಿವೆ.
ಅವಳ ಬೆರಳ ಮೇಲೆ ಬೆರಳಿಟ್ಟೆ,
ನನ್ನದು ಎಡಗೈ, ಅವಳದು ಬಲ,
ಹೊಂದಿಕೆಯಾಗದೆ ಇಬ್ಬರೂ ನಕ್ಕೆವು.
ತಿರುಗಿಸಿದೆವು.
"ಸಾಕು."
"ಸಾಕು?" ಎಂದಳು, ರುಚಿ ನೋಡುವವಳಂತೆ.

ಒಂದು ಮೂಲೆ ಆಯಿತು. ಎದುರಿನದೂ ಆಯಿತು.
ಅವಳು ಕಲ್ಲು ಕೆಳಗಿಡಲು ಹೋದಳು.
ನಾನು ಬಿಡಲಿಲ್ಲ.
ಬೋರ್ಡಿನಲ್ಲಿ ಹನ್ನೊಂದು ಆಗಬೇಕಿತ್ತು, ಎಂಟಿದೆ.
ಆಚೆ ಸಾಲಿನಿಂದ ಎಂಜಿನಿಯರರ ಬೂಟಿನ ಸದ್ದು.
ಐದು ಕೇಜಿಯ ಕಲ್ಲು
ಮೂರನೆಯ ಮೂಲೆಯ ಮೇಲೆ, ಗಾಳಿಯಲ್ಲಿ,
ಇಬ್ಬರ ಕೈಯಲ್ಲಿ.